ಸೂರ್ಯನ ಒಲೆಗೆ ಸೌದೆ ಯಾವುದು?

ಅಂಗಳದಲ್ಲಿ ಅಡಿಕೆ ಹರವುವವರು, ಕಡಲ ಬದಿಯಲ್ಲಿ ಮೀನು ಒಣಗಿಸುವವರು, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಇಡುವ ತಾಯಂದಿರು, ಎಲ್ಲರೂ ಬಿಸಿಲನ್ನು ನಂಬಿ ಬದುಕುವವರೇ. ನಾಳೆ ಮೋಡ ಕವಿದೀತೇ ಎಂದು ನಾವು ಚಿಂತಿಸುತ್ತೇವೆ. ಆದರೆ ನಾಳೆ ಸೂರ್ಯನೇ ಆರಿಹೋದರೆ ಗತಿಯೇನು ಎಂದು ಯಾರೂ ಚಿಂತಿಸುವುದಿಲ್ಲ. ಮನೆಯ ಒಲೆಗೆ ಹೊತ್ತುಹೊತ್ತಿಗೆ ಸೌದೆ ಒಡ್ಡದಿದ್ದರೆ ಅದು ಆರುತ್ತದೆ. ಹಾಗಿರುವಾಗ ಆಕಾಶದ ಈ ಒಲೆಗೆ ಸೌದೆ ಎಲ್ಲಿಂದ ಬರುತ್ತದೆ? ಎಷ್ಟು ಕಾಲದಿಂದ ಉರಿಯುತ್ತಿದೆ? ಇನ್ನೆಷ್ಟು ಕಾಲ ಉರಿದೀತು?

ಇಂದು ಶಾಲೆಯ ಮಕ್ಕಳೂ ಇದಕ್ಕೆ ಉತ್ತರ ಹೇಳುತ್ತಾರೆ. ಸೂರ್ಯನ ಗರ್ಭದಲ್ಲಿ ಹೈಡ್ರೋಜನ್ ಬೀಜಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುತ್ತವೆ, ಆಗ ಹೊರಬೀಳುವ ಶಕ್ತಿಯೇ ಬಿಸಿಲು. ಬೈಜಿಕ ಸಮ್ಮಿಲನ ಅಥವಾ ನ್ಯೂಕ್ಲಿಯರ್ ಫ್ಯೂಶನ್ ಎಂದು ಇದಕ್ಕೆ ಹೆಸರು. ಆದರೆ ಪಠ್ಯಪುಸ್ತಕದ ಈ ಎರಡು ಸಾಲುಗಳನ್ನು ಬರೆಯಲು ಮನುಷ್ಯ ಕುಲಕ್ಕೆ ನೂರು ವರ್ಷ ಹಿಡಿಯಿತು. ಆ ನೂರು ವರ್ಷಗಳಲ್ಲಿ ದೊಡ್ಡ ಹೆಸರಿನವರು ತಪ್ಪಿದ್ದಾರೆ. ಸರಿಯಾದುದನ್ನು ಕಂಡ ಸಣ್ಣವರು ಬಾಯಿ ಮುಚ್ಚಿಕೊಳ್ಳಬೇಕಾಗಿ ಬಂದಿದೆ. ಸ್ವದೇಶದಿಂದ ಓಡಿಸಲ್ಪಟ್ಟವರು ಬೇರೊಂದು ನಾಡಿನಲ್ಲಿ ಕುಳಿತು ಒಗಟನ್ನು ಬಿಡಿಸಿದ್ದಾರೆ. ಈ ಕಥೆಯ ಎರಡು ಎಳೆಗಳು ನಮ್ಮ ಕರ್ನಾಟಕದ ನೆಲವನ್ನೂ ಹಾದುಹೋಗಿವೆ. ಆದುದರಿಂದ ಇದನ್ನು ತುಸು ವಿವರವಾಗಿ ನೋಡೋಣ.

ಕಲ್ಲಿದ್ದಲಿನ ಲೆಕ್ಕ

1830ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಕ್ಲಾಡ್ ಪೂಯೆ ಹಾಗೂ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿದ್ದ ಇಂಗ್ಲೆಂಡಿನ ಜಾನ್ ಹರ್ಷೆಲ್ ಬಿಸಿಲು ನೀರನ್ನು ಎಷ್ಟು ಬಿಸಿ ಮಾಡುತ್ತದೆ ಎಂದು ಅಳೆದರು. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅಷ್ಟು ದೂರದಿಂದ ಬಂದರೂ ಭೂಮಿಯ ವಾತಾವರಣದ ಹೊರಗೆ ಒಂದು ಚದರ ಮೀಟರಿಗೆ ಸುಮಾರು 1,360 ವ್ಯಾಟ್ ಶಕ್ತಿ ಬೀಳುತ್ತದೆ ಎಂಬುದು ಇಂದಿನ ಲೆಕ್ಕ. ಸೂರ್ಯ ಈ ಶಕ್ತಿಯನ್ನು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತಿದೆ. ಭೂಮಿಯ ಪಾಲಿಗೆ ಬರುವುದು ಅದರಲ್ಲಿ 200 ಕೋಟಿಯಲ್ಲಿ ಒಂದು ಭಾಗ ಮಾತ್ರ.

ಇಂಥ ದುಂದುಗಾರಿಕೆಗೆ ಬಂಡವಾಳ ಎಲ್ಲಿಯದು? ಆ ಕಾಲ ಉಗಿಯಂತ್ರದ ಕಾಲ. ಎಲ್ಲರ ಕಣ್ಣ ಮುಂದಿದ್ದ ಇಂಧನ ಕಲ್ಲಿದ್ದಲು. ಸೂರ್ಯನಷ್ಟೇ ತೂಕದ ಕಲ್ಲಿದ್ದಲಿನ ಗುಡ್ಡೆಗೆ ಬೆಂಕಿ ಇಟ್ಟರೆ ಎಷ್ಟು ಕಾಲ ಉರಿದೀತು ಎಂದು ಲೆಕ್ಕ ಹಾಕಿದರು. ಸುಮಾರು 5,000 ವರ್ಷ! ಈಜಿಪ್ಟಿನ ಪಿರಮಿಡ್ಡುಗಳಿಗೇ 4,500 ವರ್ಷ ವಯಸ್ಸಾಗಿದೆ. ಕಲ್ಲಿದ್ದಲಾದರೆ ಸೂರ್ಯ ಇಷ್ಟು ಹೊತ್ತಿಗೆ ಬೂದಿಯಾಗುವ ಹಂತದಲ್ಲಿರಬೇಕಿತ್ತು.

1848ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಮೇಯರ್ ಬೇರೊಂದು ಉತ್ತರ ಕೊಟ್ಟರು. ಉಲ್ಕೆಗಳು ಎಡೆಬಿಡದೆ ಸೂರ್ಯನ ಮೇಲೆ ಬಡಿಯುವುದರಿಂದ ಈ ಬಿಸಿ ಹುಟ್ಟುತ್ತದೆ ಎಂದರು. ಅಷ್ಟೊಂದು ಉಲ್ಕೆ ಬೀಳುತ್ತಿದ್ದರೆ ಸೂರ್ಯನ ತೂಕ ಹೆಚ್ಚಿ, ಭೂಮಿಯನ್ನು ಎಳೆಯುವ ಬಲವೂ ಹೆಚ್ಚಿ, ನಮ್ಮ ವರ್ಷ ಕಿರಿದಾಗುತ್ತಾ ಹೋಗಬೇಕು. ಹಾಗೇನೂ ಆಗುತ್ತಿಲ್ಲ. 1854ರಲ್ಲಿ ಹೆಲ್ಮ್‌ಹೋಲ್ಟ್ಸ್ ಇನ್ನೊಂದು ದಾರಿ ಹಿಡಿದರು. ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಿದೆ, ಆ ಕುಗ್ಗುವಿಕೆಯೇ ಶಾಖವಾಗುತ್ತಿದೆ ಎಂದರು. ವರ್ಷಕ್ಕೆ ಹಲವು ಹತ್ತು ಮೀಟರಿನಷ್ಟು ಕುಗ್ಗಿದರೂ ಸಾಕು, ಬಿಸಿಲಿನ ಖರ್ಚು ನಿಭಾಯಿಸುತ್ತದೆ. ಇದು ಗಟ್ಟಿಯಾದ ವಾದವಾಗಿತ್ತು. ಗ್ಲಾಸ್ಗೋದ ಪ್ರಾಧ್ಯಾಪಕ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಇದನ್ನು ಕೈಗೆತ್ತಿಕೊಂಡರು. ಸೂರ್ಯ ಭೂಮಿಯನ್ನು ಬೆಳಗಲು ತೊಡಗಿ 10 ಕೋಟಿ ವರ್ಷ ಆಗಿರುವ ಸಂಭವ ಕಡಿಮೆ ಎಂದು 1862ರಲ್ಲಿ ಅವರು ಬರೆದರು. ವಯಸ್ಸಾದಂತೆ ಅವರ ಲೆಕ್ಕ ಇನ್ನೂ ಬಿಗಿಯಾಗುತ್ತಾ ಹೋಯಿತು.

ಇಲ್ಲಿ ತಕರಾರು ಹುಟ್ಟಿತು. ಬೆಟ್ಟ ಸವೆದ ಗುರುತು, ಮಣ್ಣಿನ ಪದರಗಳನ್ನು ಓದುತ್ತಿದ್ದ ಭೂವಿಜ್ಞಾನಿಗಳಿಗೆ ಇಷ್ಟು ಕಾಲ ಸಾಲುತ್ತಿರಲಿಲ್ಲ. ಜೀವಜಾತಿಗಳ ವಿಕಾಸದ ಬಗ್ಗೆ ಬರೆದಿದ್ದ ಡಾರ್ವಿನ್‌ಗೂ ಸಾಲುತ್ತಿರಲಿಲ್ಲ. ದಕ್ಷಿಣ ಇಂಗ್ಲೆಂಡಿನ ಒಂದು ಕಣಿವೆ ಸವೆಯಲು ಸುಮಾರು 30 ಕೋಟಿ ವರ್ಷ ಹಿಡಿದಿರಬೇಕೆಂದು ಅವರು 1859ರ ತಮ್ಮ ಪುಸ್ತಕದಲ್ಲಿ ಅಂದಾಜು ಮಾಡಿದ್ದರು. ಟೀಕೆಗಳು ಬಂದಾಗ 1861ರ ಮೂರನೆಯ ಆವೃತ್ತಿಯಲ್ಲಿ ಆ ಲೆಕ್ಕವನ್ನೇ ಕೈಬಿಟ್ಟರು. ಕೆಲ್ವಿನ್ ಅವರ ಲೆಕ್ಕವಂತೂ ಅವರನ್ನು ಕೊನೆಯವರೆಗೂ ಕಾಡಿತು. ಕಲ್ಲು ಒಂದು ಹೇಳುತ್ತಿತ್ತು, ಗಣಿತ ಇನ್ನೊಂದು ಹೇಳುತ್ತಿತ್ತು. ಜನ ಗಣಿತವನ್ನು ನಂಬಿದರು. ಆದರೆ ಕೆಲ್ವಿನ್‌ಗೆ ನ್ಯಾಯ ಸಲ್ಲಿಸಲು ಒಂದು ಮಾತು ಹೇಳಲೇಬೇಕು. ಈವರೆಗೆ ನಮಗೆ ಗೊತ್ತಿಲ್ಲದ ಯಾವುದಾದರೂ ಶಕ್ತಿಮೂಲ ಸೃಷ್ಟಿಯ ಉಗ್ರಾಣದಲ್ಲಿ ಇಲ್ಲದಿದ್ದರೆ ಮಾತ್ರ ನನ್ನ ಲೆಕ್ಕ ಸರಿ ಎಂಬ ಅರ್ಥದ ಷರತ್ತನ್ನು 1862ರಲ್ಲಿ ಅವರೇ ಹಾಕಿಕೊಂಡಿದ್ದರು. ಮುಂದೆ ಸತ್ಯ ಒಳಬಂದುದು ಅವರು ತೆರೆದಿಟ್ಟ ಈ ಬಾಗಿಲಿನಿಂದಲೇ.

ಜಮಖಂಡಿಯ ಗ್ರಹಣ

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದರ ನೆರಳು ಭಾರತದ ಪಶ್ಚಿಮ ಕರಾವಳಿಯಿಂದ ಒಳಹೊಕ್ಕು ಇಂದಿನ ಉತ್ತರ ಕರ್ನಾಟಕ, ಆಂಧ್ರಗಳನ್ನು ಹಾದು ಬಂಗಾಳ ಕೊಲ್ಲಿಗೆ ಇಳಿಯಿತು. ಆ ನೆರಳಿನ ದಾರಿಯುದ್ದಕ್ಕೂ ಯುರೋಪಿನ ವಿಜ್ಞಾನಿಗಳು ದುರ್ಬೀನು ಹೂಡಿ ಕುಳಿತಿದ್ದರು. ಫ್ರಾನ್ಸಿನ ಯಾನ್ಸೆನ್ ಗುಂಟೂರಿನಲ್ಲಿದ್ದರು. ಮದ್ರಾಸಿನ ಪಾಗ್ಸನ್ ಮಚಲೀಪಟ್ಟಣದಲ್ಲಿದ್ದರು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದ್ದರು. ಮೂವತ್ತು ವರ್ಷಗಳ ಹಿಂದೆ ಕೇಪ್‌ನಲ್ಲಿ ಬಿಸಿಲನ್ನು ಅಳೆದಿದ್ದ ಅದೇ ಜಾನ್ ಹರ್ಷೆಲ್‌ರ ಮಗ ಇವರು. ಭಾರತದ ಸರ್ವೇ ಇಲಾಖೆಯಲ್ಲಿ ಕೆಲಸಕ್ಕಿದ್ದವರು.

ಮೋಡಗಳು ಅವರನ್ನು ಸತಾಯಿಸಿದವು. ಆದರೂ ಸಿಕ್ಕ ಸಮಯದಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ವರ್ಣದರ್ಶಕದ ಮೂಲಕ ನೋಡಿದಾಗ ಕೆಂಪು, ಕಿತ್ತಳೆ, ನೀಲಿ ಬಣ್ಣದ ಉಜ್ವಲ ಗೆರೆಗಳು ಕಂಡವು. ಹಾಗಾದರೆ ಈ ಜ್ವಾಲೆ ಉರಿಯುವ ಅನಿಲವೇ ಸರಿ. ಅದೇ ಗ್ರಹಣದಲ್ಲಿ ಬೇರೆಯವರಿಗೂ ಇಂಥದೇ ಗೆರೆಗಳು ಕಂಡವು. ಹಳದಿ-ಕಿತ್ತಳೆ ಭಾಗದ ಆ ಒಂದು ಗೆರೆಯನ್ನು ಮೊದಲು ಸೋಡಿಯಂ ಎಂದೇ ಹಲವರು ತಿಳಿದರು. ಆದರೆ ಸ್ಥಾನ ಸರಿಹೊಂದಲಿಲ್ಲ. ಮುಂದೆ ಇಂಗ್ಲೆಂಡಿನ ಲಾಕಿಯರ್ ಅದು ಭೂಮಿಯ ಮೇಲೆ ಯಾರೂ ಕಾಣದ ಹೊಸ ಧಾತುವಿನದೆಂದು ವಾದಿಸಿದರು. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯೋಸ್ ಎನ್ನುತ್ತಾರೆ. ಅದರಿಂದ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಅದಿರಿನಿಂದ ಅದೇ ಅನಿಲವನ್ನು ಹೊರತೆಗೆಯುವವರೆಗೂ ಬಹಳ ಮಂದಿ ಅದನ್ನು ನಂಬಿರಲಿಲ್ಲ. ಸೂರ್ಯನ ಒಲೆಯ ಬೂದಿಯನ್ನು ಮನುಷ್ಯ ಕಂಡಿದ್ದ. ಆದರೆ ಅದು ಬೂದಿ ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ತೂಕದಲ್ಲಿ ಕಳೆದದ್ದು

1896ರಲ್ಲಿ ಬೆಕೆರೆಲ್ ವಿಕಿರಣವನ್ನು ಕಂಡುಹಿಡಿದರು. 1903ರಲ್ಲಿ ರೇಡಿಯಂ ತನ್ನಷ್ಟಕ್ಕೆ ತಾನೇ ಬಿಸಿ ಬಿಡುತ್ತಿರುತ್ತದೆ ಎಂದು ಪಿಯರ್ ಕ್ಯೂರಿ ತೋರಿಸಿದರು. ಪರಮಾಣುವಿನ ಒಳಗೆ ಯಾರಿಗೂ ತಿಳಿಯದ ಖಜಾನೆ ಇದೆ ಎಂಬುದು ಬಯಲಾಯಿತು. 1905ರಲ್ಲಿ ಐನ್‌ಸ್ಟೈನ್ ದ್ರವ್ಯ ಮತ್ತು ಶಕ್ತಿ ಒಂದೇ ವಸ್ತುವಿನ ಎರಡು ರೂಪ ಎಂದರು. ತುಸು ದ್ರವ್ಯ ಮಾಯವಾದರೂ ಅಪಾರ ಶಕ್ತಿ ಹೊರಬರಬೇಕು.

ಆ ತುಸು ದ್ರವ್ಯ ಎಲ್ಲಿ ಮಾಯವಾಗುತ್ತದೆ ಎಂದು ತೋರಿಸಿದವರು ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್. 1920ರ ಹೊತ್ತಿಗೆ ಅವರು ಪರಮಾಣುಗಳನ್ನು ಅತ್ಯಂತ ನಿಖರವಾಗಿ ತೂಗಿದರು. ನಾಲ್ಕು ಹೈಡ್ರೋಜನ್ ಸೇರಿದರೆ ಒಂದು ಹೀಲಿಯಂ ಆಗಬೇಕು. ಆದರೆ ನಾಲ್ಕರ ಒಟ್ಟು ತೂಕಕ್ಕಿಂತ ಹೀಲಿಯಂನ ತೂಕ ಸುಮಾರು ಶೇಕಡಾ 0.7ರಷ್ಟು ಕಡಿಮೆ! ಅಕ್ಕಸಾಲಿಗನಿಗೆ ನಾಲ್ಕು ತುಂಡು ಚಿನ್ನ ಕೊಟ್ಟು ಒಂದು ಬಳೆ ಮಾಡಿಸಿದಾಗ ತೂಕ ಕಡಿಮೆ ಬಂದರೆ ನಾವು ಅವನನ್ನು ಅನುಮಾನದಿಂದ ನೋಡುತ್ತೇವೆ. ಇಲ್ಲಿ ಕದ್ದವರು ಯಾರೂ ಇಲ್ಲ. ಕಳೆದುಹೋದ ತೂಕವೇ ಬೆಳಕಾಗಿದೆ. ಒಂದು ಕಿಲೋ ಹೈಡ್ರೋಜನ್ ಹೀಗೆ ಬೆಸೆದರೆ 993 ಗ್ರಾಂ ಹೀಲಿಯಂ ಸಿಗುತ್ತದೆ. ಉಳಿದ 7 ಗ್ರಾಂ ಶಕ್ತಿಯಾಗುತ್ತದೆ. ಅದು ಸುಮಾರು 20 ಸಾವಿರ ಟನ್ ಕಲ್ಲಿದ್ದಲು ಸುಟ್ಟಷ್ಟು ಶಾಖ.

1920ರ ಆಗಸ್ಟ್‌ನಲ್ಲಿ ಕಾರ್ಡಿಫ್‌ನ ವಿಜ್ಞಾನ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಇದೇ ಸೂರ್ಯನ ಸೌದೆ ಇರಬೇಕೆಂದು ಸಾರಿದರು. ಸೂರ್ಯನಲ್ಲಿ ಶೇಕಡಾ 5ರಷ್ಟು ಹೈಡ್ರೋಜನ್ ಇದ್ದರೂ ಸಾಕಾದೀತು ಎಂದರು. ಅದೇ ಭಾಷಣದಲ್ಲಿ ಅವರು ಇನ್ನೊಂದು ಮಾತನ್ನೂ ಆಡಿದ್ದರು. ಈ ಶಕ್ತಿ ಒಂದು ದಿನ ಮನುಷ್ಯನ ಕೈಗೆ ಬಂದೀತು, ಅದನ್ನು ಅವನು ತನ್ನ ಒಳಿತಿಗೂ ಬಳಸಬಹುದು, ಆತ್ಮಹತ್ಯೆಗೂ ಬಳಸಬಹುದು ಎಂದಿದ್ದರು.

ಢಾಕಾದ ಹುಡುಗ, ಹಾರ್ವರ್ಡ್‌ನ ಹುಡುಗಿ

ಆದರೆ ಸೂರ್ಯನಲ್ಲಿ ಹೈಡ್ರೋಜನ್ ಎಷ್ಟಿದೆ? ಭೂಮಿಯಂತೆಯೇ ಸೂರ್ಯನಲ್ಲೂ ಕಬ್ಬಿಣ ಮುಂತಾದ ಭಾರದ ಧಾತುಗಳೇ ಹೆಚ್ಚೆಂದು ಆಗ ಎಲ್ಲರೂ ನಂಬಿದ್ದರು. ವರ್ಣಪಟಲದಲ್ಲಿ ಕಬ್ಬಿಣದ ಗೆರೆಗಳೇ ದಟ್ಟವಾಗಿದ್ದುವು. ಈ ಗೆರೆಗಳನ್ನು ಓದುವ ಬೀಗದ ಕೈ ಕೊಟ್ಟವರು ನಮ್ಮವರೇ ಆದ ಮೇಘನಾದ ಸಹಾ.

ಇಂದು ಬಾಂಗ್ಲಾದೇಶದಲ್ಲಿರುವ ಢಾಕಾ ಬಳಿಯ ಹಳ್ಳಿಯೊಂದರ ಸಣ್ಣ ಅಂಗಡಿಕಾರನ ಮಗ ಅವರು, ಹುಟ್ಟಿದ್ದು 1893ರಲ್ಲಿ. ಬಂಗಾಳ ವಿಭಜನೆಯ ವಿರುದ್ಧದ ಪ್ರತಿಭಟನೆಯಲ್ಲಿ ಸೇರಿದ್ದಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟು ವಿದ್ಯಾರ್ಥಿವೇತನ ಕಳೆದುಕೊಂಡವರು. ಮುಂದೆ ಕಲ್ಕತ್ತೆಯಲ್ಲಿ ಓದುವಾಗ ಜಾತಿಯ ಕಾರಣಕ್ಕೆ ಅವಮಾನ ಉಂಡವರು. ಬಿಸಿ ಹೆಚ್ಚಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹೇಗೆ ಕಳೆದುಕೊಳ್ಳುತ್ತವೆ, ಅದರಿಂದ ವರ್ಣಪಟಲ ಹೇಗೆ ಬದಲಾಗುತ್ತದೆ ಎಂಬುದರ ಸಮೀಕರಣವನ್ನು 1920ರಲ್ಲಿ ಅವರು ಪ್ರಕಟಿಸಿದರು. ಗೆರೆ ದಟ್ಟವಾಗಿದ್ದ ಮಾತ್ರಕ್ಕೆ ಧಾತು ಹೆಚ್ಚಿದೆ ಎಂದಲ್ಲ, ಉಷ್ಣತೆಯ ಪಾಲೂ ಅದರಲ್ಲಿದೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಈ ಕೀಲಿಯನ್ನು ತಿರುಗಿಸಿದವರು ಸಿಸಿಲಿಯಾ ಪೇನ್. ಕೇಂಬ್ರಿಜ್‌ನಲ್ಲಿ ಓದಿದ್ದರೂ ಹೆಣ್ಣೆಂಬ ಕಾರಣಕ್ಕೆ ಪದವಿ ಸಿಗದೆ 1923ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಬಂದವರು. ಸಹಾ ಸಮೀಕರಣವನ್ನು ಬಳಸಿ ನಕ್ಷತ್ರಗಳ ಗೆರೆಗಳನ್ನು ಮತ್ತೆ ಲೆಕ್ಕ ಹಾಕಿದಾಗ ಆಶ್ಚರ್ಯ ಕಾದಿತ್ತು. ಹೈಡ್ರೋಜನ್ ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು! ಆಗ ಆಕೆಗೆ 25 ವರ್ಷ. ಅಮೆರಿಕದ ಅತಿ ದೊಡ್ಡ ಖಗೋಳ ವಿಜ್ಞಾನಿ ಹೆನ್ರಿ ನೋರಿಸ್ ರಸೆಲ್ ಇದು ಅಸಾಧ್ಯ ಎಂದರು. ಅವರ ಮಾತನ್ನು ಮೀರಿದರೆ ಭವಿಷ್ಯವಿಲ್ಲ. ಈ ಅಂಕಿ ಬಹುಶಃ ನಿಜವಲ್ಲ ಎಂದು ಪೇನ್ 1925ರ ತಮ್ಮ ಪ್ರಬಂಧದಲ್ಲಿ ತಾವೇ ಬರೆದುಕೊಳ್ಳಬೇಕಾಯಿತು. ನಾಲ್ಕು ವರ್ಷಗಳ ನಂತರ, 1929ರಲ್ಲಿ, ಬೇರೊಂದು ದಾರಿಯಿಂದ ಅದೇ ತೀರ್ಮಾನಕ್ಕೆ ಬಂದ ರಸೆಲ್ ಆಕೆಯ ಕೆಲಸವನ್ನು ಒಪ್ಪಿ ಹೆಸರಿಸಿದರು. ಆದರೂ ಬಹುಕಾಲ ಈ ಶೋಧ ರಸೆಲ್‌ರ ಹೆಸರಿಗೇ ಅಂಟಿಕೊಂಡಿತ್ತು. ಹಾರ್ವರ್ಡ್ ಆಕೆಯನ್ನು ಪೂರ್ಣ ಪ್ರಾಧ್ಯಾಪಕಿ ಮಾಡಿದ್ದು 1956ರಲ್ಲಿ.

ಒಗಟು ಬಿಚ್ಚಿದ ನಿರಾಶ್ರಿತ

ಸೌದೆ ಸಿಕ್ಕಿತು. ಆದರೆ ಅದಕ್ಕೆ ಬೆಂಕಿ ಹತ್ತುವುದು ಹೇಗೆ? ಹೈಡ್ರೋಜನ್ನಿನ ಬೀಜ ಎಂದರೆ ಒಂದು ಪ್ರೋಟಾನ್. ಎರಡು ಪ್ರೋಟಾನುಗಳಿಗೂ ಧನ ವಿದ್ಯುತ್ತಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಸೂರ್ಯನ ನಡುವಿನ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ. ಅಷ್ಟು ಬಿಸಿಯೂ ಆ ತಳ್ಳಾಟವನ್ನು ಮೀರಲು ಸಾಲದು ಎಂದು ವಿಮರ್ಶಕರು ಹೇಳಿದರು. ಹಾಗಾದರೆ ಇದಕ್ಕಿಂತ ಬಿಸಿಯಾದ ಜಾಗವನ್ನು ನೀವೇ ಹುಡುಕಿಕೊಂಡು ಹೋಗಿ ಎಂದು ಎಡಿಂಗ್ಟನ್ ಅವರನ್ನು ಕೆಣಕಿದರು. 1928ರಲ್ಲಿ ಜಾರ್ಜ್ ಗ್ಯಾಮೋ ಒಂದು ವಿಚಿತ್ರ ಸತ್ಯವನ್ನು ಹೊರತಂದರು. ಕ್ವಾಂಟಂ ಲೋಕದಲ್ಲಿ ಕಣಗಳು ಗೋಡೆ ಹಾರಲಾಗದಿದ್ದರೂ ಒಮ್ಮೊಮ್ಮೆ ಸುರಂಗ ತೋಡಿದಂತೆ ಆಚೆ ದಾಟಿಬಿಡುತ್ತವೆ. 1929ರಲ್ಲಿ ಅಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ಇದನ್ನು ನಕ್ಷತ್ರಗಳಿಗೆ ಅನ್ವಯಿಸಿದರು.

ಕೊನೆಯ ಗಂಟು ಬಿಚ್ಚಿದವರು ಹಾನ್ಸ್ ಬೆಥೆ. ತಾಯಿ ಯಹೂದಿ ಮನೆತನದವರು ಎಂಬ ಒಂದೇ ಕಾರಣಕ್ಕೆ 1933ರಲ್ಲಿ ಹಿಟ್ಲರನ ಜರ್ಮನಿಯಲ್ಲಿ ಅಧ್ಯಾಪಕ ಹುದ್ದೆ ಕಳೆದುಕೊಂಡು, ಇಂಗ್ಲೆಂಡಿನ ಮೂಲಕ ಅಮೆರಿಕದ ಕಾರ್ನೆಲ್ ಸೇರಿದವರು. 1938ರಲ್ಲಿ ವಾಷಿಂಗ್ಟನ್ನಿನಲ್ಲಿ ಗ್ಯಾಮೋ ಮತ್ತು ಗೆಳೆಯರು ಕರೆದ ಸಭೆಯಲ್ಲಿ ಈ ಪ್ರಶ್ನೆ ಅವರ ಮುಂದೆ ಬಂತು. ಮುಂದಿನ ವರ್ಷಕ್ಕೆ ಉತ್ತರ ಪ್ರಕಟವಾಯಿತು. ಎರಡು ಪ್ರೋಟಾನುಗಳು ಸೇರಿ ಭಾರ ಹೈಡ್ರೋಜನ್ ಆಗುತ್ತದೆ. ಅದಕ್ಕೆ ಮತ್ತೊಂದು ಪ್ರೋಟಾನ್ ಸೇರಿದರೆ ಹಗುರ ಹೀಲಿಯಂ. ಅಂಥ ಎರಡು ಕೂಡಿದರೆ ಮಾಮೂಲಿ ಹೀಲಿಯಂ, ಜೊತೆಗೆ ಎರಡು ಪ್ರೋಟಾನ್ ವಾಪಸು. ಇಂಗಾಲದ ನೆರವಿನಿಂದ ನಡೆಯುವ ಇನ್ನೊಂದು ಮಾರ್ಗವನ್ನೂ ಬೆಥೆ ತೋರಿಸಿದರು. ಜರ್ಮನಿಯ ವೈತ್ಸೆಕರ್ ಕೂಡ ಸ್ವತಂತ್ರವಾಗಿ ಅದನ್ನು ಕಂಡಿದ್ದರು. ಸೂರ್ಯನಲ್ಲಿ ಈ ಎರಡನೆಯದರ ಪಾಲು ಶೇಕಡಾ 1ರಷ್ಟು ಮಾತ್ರ. ಬೆಥೆಗೆ ನೊಬೆಲ್ ಬಂದದ್ದು 1967ರಲ್ಲಿ.

ಈ ಲೆಕ್ಕದ ಪ್ರಕಾರ ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ನನ್ನು ಹೀಲಿಯಂ ಮಾಡುತ್ತದೆ. ಅದರಲ್ಲಿ 40 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯ ಶಕ್ತಿಯಾಗಿ ಹೊರಟುಹೋಗುತ್ತದೆ. ಕೇಳಿದರೆ ಭಯವಾಗುತ್ತದೆ. ಆದರೆ ಸೂರ್ಯನ ಗಾತ್ರಕ್ಕೆ ಹೋಲಿಸಿದರೆ ಇದು ಬಹಳ ನಿಧಾನದ ಉರಿ. ಸೂರ್ಯನ ನಡುವಿನಲ್ಲೇ ಒಂದು ಘನ ಮೀಟರ್ ಜಾಗದಲ್ಲಿ ಹುಟ್ಟುವ ಶಕ್ತಿ ಸುಮಾರು 300 ವ್ಯಾಟ್ ಮಾತ್ರ. ಅಷ್ಟೇ ಜಾಗದಲ್ಲಿ ಜನರನ್ನು ಒತ್ತೊತ್ತಾಗಿ ನಿಲ್ಲಿಸಿದರೆ ನಮ್ಮ ಮೈಯ ಬಿಸಿಯೇ ಅದಕ್ಕಿಂತ ಹೆಚ್ಚಾದೀತು! ಒಂದು ಪ್ರೋಟಾನ್ ತನ್ನ ಜೋಡಿಯನ್ನು ಸೇರಲು ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಈ ನಿಧಾನದಿಂದಲೇ ಸೂರ್ಯ ಸುಮಾರು 460 ಕೋಟಿ ವರ್ಷಗಳಿಂದ ಉರಿಯುತ್ತಾ ಬಂದಿದೆ, ಇನ್ನೂ ಸುಮಾರು 500 ಕೋಟಿ ವರ್ಷ ಉರಿಯಲಿದೆ. ಕಲ್ಲು ಹೇಳಿದ್ದೇ ನಿಜವಾಗಿತ್ತು.

ಗಣಿಯ ಆಳದಿಂದ ಸೂರ್ಯನನ್ನು ನೋಡಿದವರು

ಇಷ್ಟೆಲ್ಲ ಕಾಗದದ ಮೇಲಿನ ಲೆಕ್ಕ. ಸೂರ್ಯನ ಗರ್ಭವನ್ನು ಕಂಡವರು ಯಾರು? ಅಲ್ಲಿ ಹುಟ್ಟಿದ ಬೆಳಕು ಮೇಲ್ಮೈಗೆ ಬರಲು ಹತ್ತಾರು ಸಾವಿರ ವರ್ಷಗಳೇ ಬೇಕು. ಆದರೆ ಸಮ್ಮಿಲನದಲ್ಲಿ ನ್ಯೂಟ್ರಿನೋ ಎಂಬ ಇನ್ನೊಂದು ಕಣ ಹುಟ್ಟುತ್ತದೆ. ಅದಕ್ಕೆ ಯಾವ ಗೋಡೆಯೂ ಅಡ್ಡವಲ್ಲ. ಎಂಟೂಕಾಲು ನಿಮಿಷದಲ್ಲಿ ಅದು ಭೂಮಿಗೆ ತಲುಪಿ, ಭೂಮಿಯನ್ನೂ ತೂರಿ ಹೋಗುತ್ತದೆ. ನಮ್ಮ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ನ್ಯೂಟ್ರಿನೋಗಳು ಹಾದುಹೋಗುತ್ತಿವೆ, ಹಗಲೂ ರಾತ್ರಿಯೂ.

ಇವನ್ನು ಹಿಡಿಯಬೇಕಾದರೆ ಬೇರೆ ಕಣಗಳ ಗದ್ದಲ ಇಲ್ಲದ ಜಾಗ ಬೇಕು. ಅಂದರೆ ನೆಲದಾಳ. ಇಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಹೆಸರು ಬರುತ್ತದೆ. ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮತ್ತಿತರರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದವರ ಜೊತೆ ಸೇರಿ ಉಪಕರಣ ಹೂಡಿದರು. 1965ರಲ್ಲಿ ಅಲ್ಲಿ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಅವು ಸೂರ್ಯನಿಂದ ಬಂದವಲ್ಲ, ವಾತಾವರಣದಲ್ಲಿ ವಿಶ್ವಕಿರಣಗಳಿಂದ ಹುಟ್ಟಿದವು. ಆದರೂ ಪ್ರಕೃತಿಯಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊಟ್ಟಮೊದಲು ಹಿಡಿದ ಎರಡು ಜಾಗಗಳಲ್ಲಿ ಕೋಲಾರವೂ ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದ್ದು, ಅದೂ ಚಿನ್ನದ ಗಣಿಯೇ. ಚಿನ್ನ ಮುಗಿಯುತ್ತಾ ಬಂದು 2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಆ ಆಳಕ್ಕೆ ದಿನವೂ ಇಳಿದು ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡ ಕಾರ್ಮಿಕರ ಕುಟುಂಬಗಳು ಬೀದಿಗೆ ಬಿದ್ದವು. ಅವರು ಕೊರೆದ ದಾರಿಯಲ್ಲೇ ಈ ವಿಜ್ಞಾನ ಇಳಿದದ್ದು ಎಂಬುದನ್ನು ನಾವು ಮರೆಯಬಾರದು.

ಸೂರ್ಯನ ನ್ಯೂಟ್ರಿನೋಗಳನ್ನು ಹಿಡಿದವರು ಅಮೆರಿಕದ ರೇ ಡೇವಿಸ್. ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಬಟ್ಟೆಯ ಡ್ರೈಕ್ಲೀನಿಂಗಿಗೆ ಬಳಸುವ ದ್ರವವನ್ನು 3.8 ಲಕ್ಷ ಲೀಟರ್ ತುಂಬಿ ಅವರು ಕಾದರು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಕೆಲವು ವಾರಗಳಿಗೆ ಹುಟ್ಟುವ ಆರ್ಗಾನ್ ಪರಮಾಣುಗಳು ಬೆರಳೆಣಿಕೆಯಷ್ಟು. ಅವನ್ನು ಹುಡುಕಿ ಎಣಿಸಬೇಕು. 1968ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಗಲಿಬಿಲಿಗೊಳಿಸಿತು. ಜಾನ್ ಬಾಕಾಲ್ ಲೆಕ್ಕ ಹಾಕಿ ಹೇಳಿದ್ದರಲ್ಲಿ ಸಿಕ್ಕಿದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಡೇವಿಸ್ ಎಣಿಸುವುದರಲ್ಲಿ ತಪ್ಪಿದ್ದಾರೆ ಎಂದರು ಕೆಲವರು. ಬಾಕಾಲ್‌ಗೆ ಸೂರ್ಯ ಅರ್ಥವಾಗಿಲ್ಲ ಎಂದರು ಇನ್ನು ಕೆಲವರು. ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಮೂವತ್ತು ವರ್ಷ ತಿದ್ದಿ ತೀಡಿದರು, ಅಂಕಿ ಬದಲಾಗಲಿಲ್ಲ. ಯಾರೂ ಹೊಂದಾಣಿಕೆಗಾಗಿ ಸುಳ್ಳು ಅಂಕಿ ಬರೆಯಲೂ ಇಲ್ಲ.

ಕೊನೆಗೆ ಗೊತ್ತಾಯಿತು, ಇಬ್ಬರೂ ಸರಿಯೇ! ನ್ಯೂಟ್ರಿನೋಗಳಲ್ಲಿ ಮೂರು ಬಗೆ. ದಾರಿಯಲ್ಲಿ ಬರುವಾಗ ಅವು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಡೇವಿಸ್‌ರ ತೊಟ್ಟಿಗೆ ಒಂದೇ ಬಗೆ ಕಾಣುತ್ತಿತ್ತು. 2001-02ರಲ್ಲಿ ಕೆನಡಾದ ಸಡ್‌ಬರಿ ಗಣಿಯಲ್ಲಿ ಸಾವಿರ ಟನ್ ಭಾರಜಲ ಇಟ್ಟು ಮೂರೂ ಬಗೆಗಳನ್ನು ಎಣಿಸಿದಾಗ ಒಟ್ಟು ಲೆಕ್ಕ ಸರಿಹೋಯಿತು. 2002ರಲ್ಲಿ 88ನೆಯ ವಯಸ್ಸಿನಲ್ಲಿ ಡೇವಿಸ್‌ಗೆ ನೊಬೆಲ್ ಸಿಕ್ಕಿತು. 2020ರಲ್ಲಿ ಇಟಲಿಯ ಬೊರೆಕ್ಸಿನೋ ಪ್ರಯೋಗ ಬೆಥೆ ಹೇಳಿದ್ದ ಇಂಗಾಲದ ಮಾರ್ಗದ ನ್ಯೂಟ್ರಿನೋಗಳನ್ನೂ ಹಿಡಿಯಿತು. ಕಾಗದದ ಲೆಕ್ಕಕ್ಕೆ ಕಣ್ಣಾರೆ ಸಾಕ್ಷಿ ಸಿಗಲು 80 ವರ್ಷ ಬೇಕಾಯಿತು.

ಬೆಳಕು ಮತ್ತು ಬೆಂಕಿ

ಎಡಿಂಗ್ಟನ್ ಹೇಳಿದ ಎರಡು ದಾರಿಗಳಲ್ಲಿ ಮನುಷ್ಯ ಮೊದಲು ಹಿಡಿದದ್ದು ಯಾವುದನ್ನು ಎಂಬುದು ನಮಗೆಲ್ಲ ಗೊತ್ತಿದೆ. 1952ರ ನವೆಂಬರ್ 1ರಂದು ಅಮೆರಿಕ ಶಾಂತಸಾಗರದ ಎನಿವೆಟಾಕ್‌ನಲ್ಲಿ ಸಮ್ಮಿಲನದ ಬಾಂಬು ಸಿಡಿಸಿತು. ಎಲುಗೆಲಾಬ್ ಎಂಬ ದ್ವೀಪವೇ ನಕ್ಷೆಯಿಂದ ಅಳಿಸಿಹೋಯಿತು. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಸಿಡಿಸಿದ ಬಾಂಬಿನ ಬೂದಿ ರೊಂಗೆಲಾಪ್ ದ್ವೀಪದ ನಿವಾಸಿಗಳ ಮೇಲೂ, ದೂರದಲ್ಲಿ ಬಲೆ ಬೀಸುತ್ತಿದ್ದ ಜಪಾನಿ ಮೀನುಗಾರರ ಮೇಲೂ ಸುರಿಯಿತು. ಆ ದೋಣಿಯವರಲ್ಲಿ ಒಬ್ಬರು ಅದೇ ವರ್ಷ ಸತ್ತರು. ಸೂರ್ಯನ ಗುಟ್ಟು ಬಿಡಿಸಿದ ಬೆಥೆ ಮೊದಲು ಈ ಬಾಂಬನ್ನು ವಿರೋಧಿಸಿದ್ದರು, ಆಮೇಲೆ ಅದರ ಕೆಲಸಕ್ಕೆ ಕೈಜೋಡಿಸಿದರು. ಮುಂದೆ ಪರೀಕ್ಷೆಗಳ ನಿಷೇಧಕ್ಕಾಗಿ ದುಡಿದರು. 1995ರಲ್ಲಿ, ಇಳಿವಯಸ್ಸಿನಲ್ಲಿ, ಹೊಸ ಅಣ್ವಸ್ತ್ರಗಳ ಕೆಲಸವನ್ನು ನಿಲ್ಲಿಸಿರೆಂದು ಎಲ್ಲ ದೇಶಗಳ ವಿಜ್ಞಾನಿಗಳಿಗೆ ಮನವಿ ಮಾಡಿದರು. ಜ್ಞಾನ ಹುಟ್ಟಿಸುವವರ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಅವರ ಬದುಕಿನಲ್ಲೂ ಸುಲಭದ ಉತ್ತರ ಸಿಗಲಿಲ್ಲ.

ಇನ್ನೊಂದು ದಾರಿ, ಅಂದರೆ ಸಮ್ಮಿಲನದಿಂದ ವಿದ್ಯುತ್ತು, ಕಠಿಣವಾದುದು. ಸೂರ್ಯನ ಬಳಿ ಭಾರವೂ ಇದೆ, ಕಾಲವೂ ಇದೆ. ನಮ್ಮ ಬಳಿ ಎರಡೂ ಇಲ್ಲ. ಆದುದರಿಂದ ಭೂಮಿಯ ಮೇಲೆ ಸೂರ್ಯನಿಗಿಂತ ಎಷ್ಟೋ ಪಟ್ಟು ಹೆಚ್ಚು ಬಿಸಿ ಬೇಕಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಲೇಸರ್ ಕಿರಣಗಳಿಂದ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಸಮ್ಮಿಲನದಿಂದ ಮೊದಲ ಬಾರಿಗೆ ಪಡೆಯಿತು. ಆದರೆ ಆ ಲೇಸರ್‌ಗಳನ್ನು ನಡೆಸಲು ಬೇಕಾದ ವಿದ್ಯುತ್ತು ಅದಕ್ಕಿಂತ ಬಹಳ ಹೆಚ್ಚು. ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ಐಟಿಇಆರ್ ಎಂಬ ಬೃಹತ್ ಯಂತ್ರದಲ್ಲಿ ಭಾರತವೂ ಪಾಲುದಾರ. ನಮ್ಮ ಮನೆಯ ದೀಪ ಅದರಿಂದ ಉರಿಯಲು ಇನ್ನೂ ಕಾಯಬೇಕು.

ಈ ಇಡೀ ಕಥೆಯಲ್ಲಿ ನಮ್ಮನ್ನು ತಟ್ಟುವುದು ಒಂದು ಸಂಗತಿ. ಒಂದು ದೇಶ, ಒಂದು ಜನಾಂಗ ಇದನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಜಮಖಂಡಿಯಲ್ಲಿ ಮೋಡದ ನಡುವೆ ಕಂಡ ಗೆರೆ, ಢಾಕಾದ ಬಡ ಹುಡುಗನ ಸಮೀಕರಣ, ಮಾತು ಹಿಂತೆಗೆದುಕೊಳ್ಳಬೇಕಾದ ಹೆಣ್ಣುಮಗಳ ಅಂಕಿ, ಓಡಿಸಲ್ಪಟ್ಟವನ ಲೆಕ್ಕ, ಗಣಿ ಕಾರ್ಮಿಕರು ಕೊರೆದ ಸುರಂಗ, ಇವೆಲ್ಲ ಸೇರಿ ಆ ಎರಡು ಸಾಲಿನ ಉತ್ತರವಾಗಿದೆ. ಜಾತಿಯನ್ನೋ ಕುಲವನ್ನೋ ಲಿಂಗವನ್ನೋ ನೋಡಿ ಬಾಗಿಲು ಮುಚ್ಚಿದವರೆಲ್ಲ ಆ ಉತ್ತರವನ್ನು ತಡಮಾಡಿದರು, ಅಷ್ಟೆ. ನಮ್ಮ ನಡುವೆಯೂ ಅಂಥ ಬಾಗಿಲುಗಳು ಇನ್ನೂ ಎಷ್ಟೋ ಇವೆ. ನಾಳೆ ಬೆಳಿಗ್ಗೆ ಅಂಗಳಕ್ಕೆ ಬಿಸಿಲು ಬಂದಾಗ ಇದು ನಮ್ಮ ನೆನಪಿನಲ್ಲಿರಲಿ.